ಮೀಸಲಡುಗೆ

ದಂಟಿನ ಸೊಪ್ಪು ಬಿಡಿಸುತ್ತ ಕೂತ ಪ್ರಮೀಳಾಗೆ ಬೆಳಗಿನಿಂದ ಇದು ಮೂರನೆಯ ಸಲ ತನ್ನ ಮೇಲೆ ತನಗೇ ಸಿಟ್ಟು ಬಂತು. ಐದು ಜನ ಉಣ್ಣುವುದಕ್ಕೆ ಇಡೀ ಬೀದಿಗೆ ಆಗುವಷ್ಟು ಕಿತ್ತುಕೊಂಡು ಬಂದಿದ್ದಳು. ಎಲ್ಲ ಹಿತ್ತಲ ಸೊಪ್ಪು. ಯೂರಿಯಾ ಕಂಡಿದ್ದಲ್ಲ, ಔಷಧಿ ಹೊಡೆದಿದ್ದಲ್ಲ. ಆ ಕಾರಣಕ್ಕೇ ಎಲೆಯೆಲೆಗೂ ತೂತು, ತೂತಿನ ಹಿಂದೊಂದು ಹಸಿರು ಹುಳ. ಒಂದೊಂದನ್ನೂ ಬೆಳಕಿಗೆ ಹಿಡಿದು, ಹುಳ ತೆಗೆದು, ಎಲೆಯನ್ನು ಮೊರಕ್ಕೆ ಹಾಕುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು. ಹಾಲಿನ ಡೈರಿಯಿಂದ ಬಂದ ಗಂಡ ಸಂತೋಷ್ ಬಾಗಿಲಲ್ಲಿ ನಿಂತು ನೋಡಿ, "ಹುಳಾನೂ ಸೇರ್ಸಿ ಬೇಯ್ಸಿದ್ರೆ ಅದೂ ಬಾಡೂಟನೇ ಕಣೆ. ಅಪ್ಪಂಗೂ ಆಯ್ತದೆ, ಅವ್ವಂಗೂ ಆಯ್ತದೆ" ಎಂದು ನಕ್ಕು ಒಳಗೆ ಹೋದ. ಹೋದವನು ಒಂದು ಹಿಡಿ ಸೊಪ್ಪು ಬಿಡಿಸಿಕೊಡಲಿಲ್ಲ. ಗಂಡಸರ ತಮಾಷೆಗೆ ಯಾವತ್ತೂ ಕೈಯಿರುವುದಿಲ್ಲ, ಬರೀ ಬಾಯಿ. ಅವಳಿಗೆ ನಗು ಬರಲಿಲ್ಲ. ಇವತ್ತು ಮಹಾಲಯ ಅಮಾವಾಸ್ಯೆ, ಊರವರ ಬಾಯಲ್ಲಿ ಮಾರ್ನಮಿ ಅಮಾಸೆ, ಸತ್ತ ಹಿರಿಯರಿಗೆ ಎಡೆ ಇಕ್ಕುವ ದಿನ. ಸಿಂಧಘಟ್ಟದ ಮನೆಮನೆಯಲ್ಲೂ ಮಸಾಲೆ ಹುರಿಯುವ ಘಮ, ಕುರಿ ಬಾಡಿನ ಘಮ. ಇವಳ ಮನೆಯಲ್ಲಿ ಮಾತ್ರ ಸೊಪ್ಪಿನ ಹಸಿ ವಾಸನೆ.

ಇದನ್ನು ಅವಳೇ ಹಟ ಹಿಡಿದು ಮಾಡಿಕೊಂಡದ್ದು. ಅತ್ತೆ ಬೆಟ್ಟಮ್ಮ ತೀರಿಕೊಂಡು ಒಂದು ತಿಂಗಳು, ಮೇಲೆ ನಾಲ್ಕು ದಿನ. ಆಕೆ ಮೇಲುಕೋಟೆಯಲ್ಲಿ ತೋಳಿಗೆ ಶಂಖಚಕ್ರದ ಮುದ್ರೆ ಹಾಕಿಸಿಕೊಂಡು ಬಂದ ಮೇಲೆ ಮೂವತ್ತು ವರ್ಷ ಬಾಡನ್ನು ಬಾಯಿಗಿಟ್ಟವಳಲ್ಲ. ಹಾಗಾಗಿ ಮೊದಲ ವರ್ಷದ ಎಡೆಗೆ ಬಾಡಿಲ್ಲದ ಅಡುಗೆ, ಅದೂ ಎಲ್ಲ ಮಣ್ಣಿನಿಂದ ನೇರ ಬಂದದ್ದೇ ಆಗಬೇಕೆಂದು ಪ್ರಮೀಳಾ ಹದಿನೈದು ದಿನದಿಂದ ಓಡಾಡಿದ್ದಳು. ಸಾವಯವದವರ ಹತ್ತಿರ ರಾಜಮುಡಿ ಅಕ್ಕಿ, ಕೆ.ಆರ್. ಪೇಟೆಯ ಗಾಣದಲ್ಲಿ ಎದುರಿಗೇ ಆಡಿಸಿಕೊಂಡ ಹುಚ್ಚೆಳ್ಳೆಣ್ಣೆ, ಚಿನಕುರಳಿಯಲ್ಲಿರುವ ಅಣ್ಣ ಹೊನ್ನಪ್ಪನಿಗೆ ಹೇಳಿ ಆಲೆಮನೆಯಿಂದ ತರಿಸಿದ, ಪೌಡರು ಹಾಕದ ಕಪ್ಪು ಬೆಲ್ಲ. ಅಂಗಡಿಯ ಹಪ್ಪಳವಿಲ್ಲ, ಬಾಟಲಿಯ ಉಪ್ಪಿನಕಾಯಿಯಿಲ್ಲ, ಪ್ಯಾಕೆಟ್ಟಿನ ಮಸಾಲೆಯಿಲ್ಲ. ಮಗಳು ಅರ್ಪಿತ, "ಏನಮ್ಮ, ಅಜ್ಜಿಗೆ ಎಡೆಯೋ, ಕೃಷಿ ಮೇಳಾನೋ?" ಎಂದಿದ್ದಳು. ಮಗಳು ಕೃಷಿ ಕಾಲೇಜಿನಲ್ಲಿ ಓದುವವಳು, ಅವಳಾದರೂ ಮೆಚ್ಚಬೇಕಿತ್ತು. ಇದರ ಹಿಂದೆ ಯಾರಿಗೂ ತಿಳಿಯದ ಕಾರಣವೊಂದಿತ್ತು. ತಿಳಿಯಲಿ ಎಂದು ಬಾಯಿಬಿಟ್ಟು ಹೇಳುವುದಕ್ಕೂ ಅವಳಿಗೆ ಆಗುತ್ತಿರಲಿಲ್ಲ. ಎಂಟು ತಿಂಗಳು ಅವಳು ಅತ್ತೆಗೆ ಉಪ್ಪಿಲ್ಲದ ಅನ್ನ ಹಾಕಿದ್ದಳು. ಇವತ್ತೊಂದು ದಿನ, ಸತ್ತ ಮೇಲಾದರೂ, ಆ ಮುದುಕಿ ಉಪ್ಪು ಹುಳಿ ಖಾರ ಎಲ್ಲ ಹಿಡಿದ ಊಟವನ್ನು ತನ್ನ ಕೈಯಿಂದ ಉಣ್ಣಬೇಕು. ಹನ್ನೊಂದನೆಯ ದಿನ ಅಡುಗೆಯವರು ಬಂದು ಮಾಡಿದ್ದರು, ಅದು ಲೆಕ್ಕಕ್ಕಿಲ್ಲ.

ಮೂತ್ರಪಿಂಡ ಸೋತಿದೆ, ಹೃದಯಕ್ಕೂ ಭಾರ, ಉಪ್ಪು ಪೂರ್ತಿ ಬಿಡಿಸಿ ಎಂದು ಡಾಕ್ಟರು ಹೇಳಿದಾಗ ಸಂತೋಷನೂ ಪಕ್ಕದಲ್ಲೇ ಇದ್ದ. ಆದರೆ ಉಪ್ಪು ಬಿಡಿಸುವ ಕೆಲಸ ಮಾತ್ರ ಅವನದಾಗಲಿಲ್ಲ. ಅವನು ತಾಯಿಯ ಕಾಲೊತ್ತಿ, ಮಾತ್ರೆ ಕೊಟ್ಟು, ಒಳ್ಳೆಯ ಮಗನಾಗಿ ಉಳಿದ. ಇವಳು ತಟ್ಟೆ ಇಟ್ಟು ಕೆಟ್ಟವಳಾದಳು. ಮೊದಲ ವಾರ ಬೆಟ್ಟಮ್ಮ, "ಏನೋ ಮರ್ತಿದ್ದೀಯ ಕಣವ್ವ ಇದ್ಕೆ" ಎಂದು ಮೆಲ್ಲಗೆ ಹೇಳುತ್ತಿದ್ದಳು. ಎರಡನೆಯ ವಾರ ತಟ್ಟೆ ಸರಿಸಿದಳು. ಮೂರನೆಯ ವಾರ ಅಕ್ಕಿಹೆಬ್ಬಾಳಿನಿಂದ ನೋಡಲು ಬಂದ ತಂಗಿ ಕುಳ್ಳಮ್ಮನ ಕೈ ಹಿಡಿದುಕೊಂಡು, "ನನ್ ಬಾಯಿ ಸತ್ತೋಗದೆ ಕಣೆ ಕುಳ್ಳಿ. ಈ ಮನೇಲಿ ಉಪ್ಗೂ ಬರ ಬಂದದೆ" ಎಂದು ಅತ್ತಳು. ಕುಳ್ಳಮ್ಮನ ಬಾಯಿಗೆ ಬಿದ್ದದ್ದು ರೈಲು ಹತ್ತಿದ ಹಾಗೇ, ಎಲ್ಲ ಊರಲ್ಲೂ ಇಳಿಯುತ್ತದೆ. ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತಿದ್ದ ಹೆಂಗಸೊಬ್ಬಳು, "ಅತ್ತೆಗೆ ಉಪ್ಪೇ ಕೊಡಾಕಿಲ್ವಂತಲ್ಲವ್ವ, ನಿಜ್ವಾ?" ಎಂದು ನಾಲ್ಕು ಜನರ ಮುಂದೆ ಕೇಳಿದಾಗ ಪ್ರಮೀಳಾ ಮೊಬೈಲಿನ ಕವರಿನ ಹಿಂದಿನಿಂದ ಡಾಕ್ಟರ ಚೀಟಿಯನ್ನು ತೆಗೆದು ತೋರಿಸಿದ್ದಳು. ಆ ಚೀಟಿಯನ್ನು ಅದಕ್ಕೆಂದೇ ಮಡಚಿಟ್ಟುಕೊಂಡು ತಿರುಗುತ್ತಿದ್ದಳು ಎಂಬುದು ಈಗ ನೆನಪಾದರೆ ಮುಖ ಬಿಸಿಯಾಗುತ್ತದೆ. ಚೀಟಿ ಇಂಗ್ಲಿಷಿನಲ್ಲಿತ್ತು. ಆ ಹೆಂಗಸು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಏನೋ ಕಣವ್ವ, ನಮ್ಗೇನ್ ಗೊತ್ತಾಯ್ತದೆ" ಎಂದು ವಾಪಸು ಕೊಟ್ಟಿದ್ದಳು.

ಅದನ್ನೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾರದ್ದು ಬೇರೆ. ಸಾಯುವ ಮೂರು ದಿನ ಮೊದಲು, ನಡೆಯಲಾರದ ಮುದುಕಿ ಗೋಡೆ ಹಿಡಿದು ಅಡುಗೆಮನೆಗೆ ಬಂದು, ಉಪ್ಪಿನ ಡಬ್ಬಕ್ಕೆ ಕೈ ಹಾಕಿ, ಬೆನ್ನು ತಿರುಗಿಸಿ ನಿಂತು ಅಂಗೈ ನೆಕ್ಕುತ್ತಿದ್ದಳು. ಪ್ರಮೀಳಾ ಕಂಡವಳೇ ಮುಂಗೈ ಹಿಡಿದು ಎಳೆದು, ನಲ್ಲಿ ಬಿಟ್ಟು, ಮಣ್ಣಾಡಿ ಬಂದ ಮಗುವಿನ ಕೈ ತೊಳೆಯುವಂತೆ ಬೆರಳು ಬೆರಳಿನ ಸಂದಿಯನ್ನೂ ಉಜ್ಜಿ ತೊಳೆದಳು. ಬೆಟ್ಟಮ್ಮ ಕೊಸರಾಡಲಿಲ್ಲ. ಕೈಯನ್ನು ಕೊಟ್ಟು ಸುಮ್ಮನೆ ನಿಂತಿದ್ದಳು, ಬೈಯಲೂ ಇಲ್ಲ, ಅಳಲೂ ಇಲ್ಲ. ಆ ತೆಳ್ಳನೆಯ ಚರ್ಮದ ಕೆಳಗೆ ಮೂಳೆ ಜಾರುತ್ತಿದ್ದುದು ಇವಳ ಬೆರಳಿಗೆ ಇನ್ನೂ ತಿಳಿಯುತ್ತದೆ. ಒಂದು ಚಿಟಿಕೆ. ಮೂರು ದಿನಕ್ಕೆ ಸಾಯುವವಳಿಗೆ ಒಂದು ಚಿಟಿಕೆ ಏನು ಮಾಡುತ್ತಿತ್ತು? ಮೂರು ದಿನಕ್ಕೆ ಸಾಯುತ್ತಾಳೆಂದು ತನಗಾದರೂ ಏನು ಗೊತ್ತಿತ್ತು? ಈ ಎರಡು ಪ್ರಶ್ನೆಗಳನ್ನು ಅವಳು ತಿಂಗಳಿಂದ ಒಂದರ ಹಿಂದೊಂದು ಕೇಳಿಕೊಂಡು ಬಂದಿದ್ದಳು, ಉತ್ತರ ಬೇಕಾಗಿಯೂ ಅಲ್ಲ.

ಬಸ್ಸಾರಿಗೆ ಸೊಪ್ಪು, ಅಲಸಂದೆ ಕಾಳು ಬೇಯಿಸಿ ಕಟ್ಟು ಬಸಿಯುವ ಹೊತ್ತಿಗೆ ಕುಳ್ಳಮ್ಮ ಬಸ್ಸಿಳಿದು ಬಂದಳು. ಬಂದವಳು ಕೈಕಾಲು ತೊಳೆದು ಅಡುಗೆಮನೆಯ ಹೊಸ್ತಿಲ ಮೇಲೆಯೇ ಕೂತಳು, ಕಾವಲಿಗೆ ಬಂದವಳಂತೆ. ಅರ್ಪಿತ ತಾನೇ ಹಿಟ್ಟು ಕಲಸಿ ಕರಿದ ವಡೆಯೊಂದನ್ನು ಬೆರಳಲ್ಲಿ ಮುರಿದದ್ದೇ ತಡ, "ಏಯ್ ಏಯ್! ಬಾಯ್ಗಾಕ್ಬ್ಯಾಡ ಕಣವ್ವ, ಮೀಸಲು! ಅವ್ರು ಉಣ್ಣೋಕ್ಮುಂಚೆ ನೀನ್ ಉಂಡ್ರೆ ಎಂಜಲಾಯ್ತದೆ" ಎಂದಳು. ಆಮೇಲೆ ಪ್ರಮೀಳಾಳ ಕಡೆ ತಿರುಗಿ, "ನೀನೂವೆ. ಸಾರು ನೆಕ್ಕಿಗಿಕ್ಕೀಯೆ" ಎಂದಳು. ಇಪ್ಪತ್ತನಾಲ್ಕು ವರ್ಷ ಈ ಮನೆಯಲ್ಲಿ ಎಡೆಯ ಅಡುಗೆ ಮಾಡಿದವಳಿಗೆ ಇದನ್ನು ಹೇಳಿಕೊಡಬೇಕಿತ್ತೇ? ಪ್ರಮೀಳಾ ಸೌಟನ್ನು ಸ್ವಲ್ಪ ಜೋರಾಗಿ ಇಟ್ಟಳು. ಕುಳ್ಳಮ್ಮನ ಕಣ್ಣು ತನ್ನ ಬೆನ್ನ ಮೇಲೇ ಇದೆ ಎನಿಸಿ ಮಾಡುವ ಕೆಲಸವೆಲ್ಲ ಅವಸರವಾಯಿತು. ಮಸಾಲೆ ರುಬ್ಬಿ ಹಾಕಿದಳು, ಹುಣಸೆಹಣ್ಣು ಕಿವುಚಿದಳು, ಕುಂಬಳಕಾಯಿ ಪಲ್ಯಕ್ಕೆ ಕಾಯಿ ತುರಿದಳು, ಮೊಳಕೆ ಹುರುಳಿಯ ಸಾರಿಗೆ ಒಗ್ಗರಣೆ ಕೊಟ್ಟಳು. ಹುಚ್ಚೆಳ್ಳೆಣ್ಣೆಯ ಘಾಟಿಗೆ ಕುಳ್ಳಮ್ಮ ಎರಡು ಸಲ ಸೀನಿದಳು. ಎಡೆಗೆಂದು ತೊಳೆದಿಟ್ಟ ಹಿತ್ತಾಳೆಯ ಬಟ್ಟಲುಗಳಿಗೆ ಪ್ರಮೀಳಾ ಒಂದೊಂದನ್ನೇ ತೆಗೆದಿಡತೊಡಗಿದಾಗ ಹೊರಗೆ ಬೈಕು ನಿಂತ ಸದ್ದಾಯಿತು.

ಬಂದವನು ಮೈದುನ ದಿಲೀಪ. ಪಾಂಡವಪುರದಲ್ಲಿ ಬಿತ್ತನೆ ಬೀಜದ ಅಂಗಡಿ, ಹೆಂಡತಿ ತವರಿನ ಎಡೆಗೆ ಹೋಗಿದ್ದಳು. ಅವನ ಕೈಯಲ್ಲಿ ಕಪ್ಪು ಕವರು ತೂಗುತ್ತಿತ್ತು. ಒಳಗೇನಿದೆ ಎಂದು ಯಾರೂ ಕೇಳಬೇಕಾಗಿರಲಿಲ್ಲ.

"ಎಲ್ಡು ಕೆಜಿ ಅತ್ತಿಗೆ, ಎಳೇದು. ಕುಕ್ಕರಲ್ಲಿ ನಾಕು ಕೂಗು ಸಾಕು."

"ಬಾಡು ಈ ಮನೆ ಒಳಿಕೆ ಬರಂಗಿಲ್ಲ ಅಂತ ಫೋನಲ್ಲೇ ಹೇಳಿದ್ನಲ್ಲ ದಿಲೀಪ."

"ಅದು ಅವ್ವಂಗೆ. ಅಪ್ಪಂಗೆ? ಹತ್ವರ್ಷದಿಂದ ಅಪ್ಪಂಗೆ ಬಾಡಿಕ್ಕಿವ್ನಿ. ಈ ವರ್ಷ ಬಂದು ಸೊಪ್ಪು ನೋಡ್ಬುಟ್ಟು, ಯಾರ ಮನೆಗೆ ಬಂದ್ಬುಟ್ನಪ್ಪಾ ಅನ್ನಾಕಿಲ್ವಾ?"

ಸಂತೋಷ್ ನಗು ತಡೆದುಕೊಂಡು ಗೋಡೆಯ ಕ್ಯಾಲೆಂಡರು ನೋಡಿದ. ದಿಲೀಪನಿಗೆ ನಗು ಇರಲಿಲ್ಲ. "ಅವ್ವ ಬದುಕಿದ್ದಾಗ್ಲೇ ಹೊರಗಡೆ ಒಲೇಲಿ ಅಪ್ಪಂಗೆ ಬೇಯ್ಸಿ ಇಕ್ತಿತ್ತು. ತಾನು ಉಣ್ತಿರ್ಲಿಲ್ಲ ಅಷ್ಟೆಯ. ಅವ್ವಂಗೇ ಇಲ್ದಿದ್ದ ಮಡಿ ನಿಂಗ್ಯಾಕೆ ಅತ್ತಿಗೆ?" ಎಂದ. ಅವನು ಹೇಳಿದ್ದು ನಿಜ. ತೀರಿಹೋದ ಮಾವ ಶಿವಣ್ಣನ ಎಡೆಗೆ ಬೆಟ್ಟಮ್ಮ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಬಾಡು ಬೇಯಿಸುತ್ತಿದ್ದಳು, ಸೆರಗಿನಿಂದ ಮೂಗು ಮುಚ್ಚಿಕೊಂಡು. ಮಡಿಯ ಮಾತೇ ಅಲ್ಲ ಇದು, ಇವತ್ತಿನ ದಿನ ಪೂರ್ತಿ ಅತ್ತೆಯದೇ ಆಗಬೇಕು, ಪಕ್ಕದ ಎಲೆಯಲ್ಲಿ ಬಾಡಿದ್ದರೆ ನಿಮ್ಮೆಲ್ಲರ ಕಣ್ಣು, ಮೂಗು, ನಾಲಿಗೆ ಎಲ್ಲ ಆ ಕಡೆಗೇ ಹೋಗುತ್ತವೆ, ನನ್ನ ಸೊಪ್ಪಿಗೆ ಯಾರೂ ಗಮನ ಕೊಡುವುದಿಲ್ಲ ಎಂದು ಪ್ರಮೀಳಾ ಹೇಳುವುದು ಹೇಗೆ? ಹೇಳಿದರೆ ಎಷ್ಟು ಸಣ್ಣ ಮನಸ್ಸು ಎನಿಸುವುದಿಲ್ಲವೇ? "ಒಂದ್ವರ್ಷ ಕಣಪ್ಪ. ಒಂದೇ ಒಂದ್ವರ್ಷ ನನ್ ಮಾತು ನಡೀಲಿ" ಎಂದಳು. ದನಿ ಅವಳಿಗೇ ಗೊತ್ತಿಲ್ಲದೆ ಒಡೆಯಿತು. ಹಾಗೆ ಒಡೆದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ದಿಲೀಪ ಗಾಬರಿಯಾಗಿ ಕವರನ್ನು ಹಿಡಿದುಕೊಂಡೇ ಪಕ್ಕದ ಚೌಡಯ್ಯನ ಮನೆಗೆ ಹೋಗಿ ಫ್ರಿಜ್ಜಿನಲ್ಲಿ ಇಟ್ಟು ಬಂದ. ಅಪ್ಪನ ಎಲೆಗೆ ಬ್ರಾಂದಿಯ ಕ್ವಾರ್ಟರು, ಬೀಡಿ ಕಟ್ಟು ಇಡುವುದಕ್ಕೆ ಯಾರ ಅಡ್ಡಿಯೂ ಇಲ್ಲವೆಂದಾಯಿತು. ಗೆದ್ದೆ ಎಂದು ಅವಳಿಗೆ ಅನಿಸಲಿಲ್ಲ. ಅಡುಗೆಮನೆಗೆ ವಾಪಸು ಬಂದಾಗ ಎಲ್ಲಿಗೆ ಬಿಟ್ಟಿದ್ದೆ ಎಂದು ಒಂದು ಕ್ಷಣ ತೋಚಲಿಲ್ಲ. ಬಟ್ಟಲುಗಳು ಸಾಲಾಗಿದ್ದವು. ಉಳಿದವನ್ನೂ ತುಂಬಿ, ತಟ್ಟೆ ಮುಚ್ಚಿದಳು.

ನಡುಮನೆಯ ಪಕ್ಕದ ಕೋಣೆಯಲ್ಲಿ ಎರಡು ಪಟದ ಮುಂದೆ ಎರಡು ಬಾಳೆಲೆ. ಬೆಟ್ಟಮ್ಮನ ಪಟಕ್ಕೆ ಹೊಸ ಸೀರೆ, ಶಿವಣ್ಣನ ಪಟಕ್ಕೆ ಪಂಚೆ, ಶಲ್ಯ. ಪ್ರಮೀಳಾ ಅತ್ತೆಯ ಎಲೆಗೆ ತಾನೇ ಬಡಿಸಿದಳು: ಒಂದು ಸಣ್ಣ ಮುದ್ದೆ, ಅದರ ಮಗ್ಗುಲಿಗೆ ಬಸ್ಸಾರು, ಸೊಪ್ಪು ಕಾಳಿನ ಪಲ್ಯ, ಕುಂಬಳಕಾಯಿ, ರಾಜಮುಡಿ ಅನ್ನಕ್ಕೆ ಹುರುಳಿ ಸಾರು, ಎರಡು ವಡೆ, ಕಪ್ಪು ಬೆಲ್ಲದ ಕಜ್ಜಾಯ. ಪಟದಲ್ಲಿ ಬೆಟ್ಟಮ್ಮ ಆಧಾರ್ ಕಾರ್ಡಿಗೆ ತೆಗೆಸಿದ ಮುಖ ಮಾಡಿಕೊಂಡು ಇವಳನ್ನೇ ನೋಡುತ್ತಿದ್ದಳು. ಉಣ್ಣಿ ಅತ್ತೆ, ಹೊಟ್ಟೆ ತುಂಬ ಉಣ್ಣಿ, ಇವತ್ತು ಯಾರೂ ಬೇಡ ಅನ್ನುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿ ಕೈಮುಗಿದಳು. ಕಣ್ಣು ತುಂಬಿತು. ಸಂತೋಷ್ ಸಾಂಬ್ರಾಣಿ ಹಾಕಿ, ಕರ್ಪೂರ ಹಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿ, ತಾನೂ ಹೊರಬಂದು ಬಾಗಿಲು ಎಳೆದುಕೊಂಡ. ಸತ್ತವರು ಬಂದು ಉಣ್ಣುವ ಹೊತ್ತು, ಬದುಕಿದವರು ನೋಡಬಾರದು. ಐದು ಜನ ಜಗಲಿಯ ಮೇಲೆ ಸಾಲಾಗಿ ಕೂತರು. ಬಿಸಿಲು ಹೆಂಚಿನ ಮೇಲಿತ್ತು, ಪಕ್ಕದ ಮನೆಯಿಂದ ಬಾಡಿನ ವಾಸನೆ ಬಂದು ದಿಲೀಪ ಒಂದು ನಿಟ್ಟುಸಿರು ಬಿಟ್ಟ. ಐದು ನಿಮಿಷಕ್ಕೆ ಸಂತೋಷ್ ಎದ್ದಾಗ ಕುಳ್ಳಮ್ಮ ಅವನ ಪಂಚೆ ಹಿಡಿದು ಕೂರಿಸಿದಳು. "ಇನ್ನೊಸಿ ಹೊತ್ತು ಬುಡ್ಲಾ. ಅಕ್ಕಂಗೆ ಹಲ್ಲಿಲ್ಲ, ನಿಧಾನಕ್ಕೆ ಉಣ್ತದೆ." ಯಾರೂ ನಗಲಿಲ್ಲ. ಪ್ರಮೀಳಾ ಬಾಗಿಲನ್ನೇ ನೋಡುತ್ತ, ಈಗ ಮುದ್ದೆ ಮುಗಿದಿರಬೇಕು, ಈಗ ಅನ್ನಕ್ಕೆ ಬಂದಿರಬೇಕು ಎಂದು ನಿಜವಾಗಿಯೂ ಲೆಕ್ಕ ಹಾಕಿದಳು. ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು.

ಸಂತೋಷ್ ಎರಡು ಸಲ ಕೆಮ್ಮಿ, ಬಾಗಿಲು ತಟ್ಟಿ ತೆಗೆದ. ಹೆಂಚಿನ ಮೇಲೆ ಕಾಗೆಗೆ ಒಂದೊಂದು ತುತ್ತು ಇಟ್ಟು ಬಂದ ಮೇಲೆ ಮನೆಯವರ ಎಲೆ ಬಿತ್ತು. ಎಡೆಯದನ್ನೂ ಪಾತ್ರೆಯದನ್ನೂ ಸೇರಿಸಿ ಪ್ರಮೀಳಾ ಬಡಿಸಿದಳು. ತಾನು ಕೊನೆಗೆ ಕೂರುವುದು, ಅದು ಯಾವಾಗಲೂ ಹಾಗೆಯೇ. ಮೊದಲ ತುತ್ತಿಗೆ ದಿಲೀಪ ತಲೆ ಎತ್ತಿ ಅಣ್ಣನನ್ನು ನೋಡಿದ. ಸಂತೋಷ್ ಎಲೆಯನ್ನು ನೋಡಿದ. ಅರ್ಪಿತ ಏನೋ ಹೇಳಲು ಬಾಯಿ ತೆಗೆದವಳು ಅಪ್ಪನ ಮುಖ ನೋಡಿ ಸುಮ್ಮನಾದಳು. ಆಮೇಲೆ ಯಾರೂ ಮಾತಾಡದೆ ಉಂಡರು. ಈ ಮನೆಯಲ್ಲಿ ಇಷ್ಟು ಸದ್ದಿಲ್ಲದೆ ಊಟ ನಡೆದದ್ದನ್ನು ಪ್ರಮೀಳಾ ಕಂಡಿರಲಿಲ್ಲ. ಸೊಪ್ಪು ಎಂದು ಹಂಗಿಸಿದವರು ಈಗ ಮಾತು ಕಳೆದುಕೊಂಡಿದ್ದಾರೆ ಎಂದು ಅವಳಿಗೆ ಖುಷಿಯಾಯಿತು. "ಉಪ್ಪಿನ್ಕಾಯಿ ಏನಾರ ಅದಾ ಅತ್ತಿಗೆ?" ಎಂದು ದಿಲೀಪ ಮೆಲ್ಲಗೆ ಕೇಳಿದಾಗ, "ಬಾಟ್ಲಿ ಉಪ್ಪಿನ್ಕಾಯಿ ಇವತ್ತಿಲ್ಲ. ಬಾಡಿಲ್ದೆ ನಿನ್ ನಾಲ್ಗೆ ಕೇಳಾಕಿಲ್ವಲ್ಲ" ಎಂದು ಚುಚ್ಚಿದಳು. ಅವನು ತಲೆ ಬಗ್ಗಿಸಿ ಉಂಡ. ವಡೆ ಮಾತ್ರ ನೋಡನೋಡುತ್ತಿದ್ದಂತೆ ಖಾಲಿಯಾಯಿತು. ಕುಳ್ಳಮ್ಮ ಎಲೆಯಲ್ಲಿ ಒಂದಗುಳೂ ಬಿಡದೆ ಉಂಡು, ಕಣ್ಣೊರೆಸಿಕೊಂಡಳು.

ಕೈ ತೊಳೆಯಲು ನೀರು ಕೊಡುವಾಗ ಕುಳ್ಳಮ್ಮ ಇವಳ ಕೈಯನ್ನು ಹಿಡಿದುಕೊಂಡಳು. "ನಾನು ಊರ್ಮೇಲೆಲ್ಲ ನಿನ್ನ ಆಡ್ಕೊಂಡಿವ್ನಿ ಕಣೆ, ತಪ್ಪಾಯ್ತು. ಅಕ್ಕ ಅನುಭವ್ಸಿದ್ದ ನಾವೂ ಒಂದಿನ ಅನುಭವ್ಸ್ಬೇಕು ಅಂತ ಮಾಡ್ದೆಯಲ್ಲ, ಅದ್ಕೆ ಎದೆ ಬೇಕು. ಒಳ್ಳೇದ್ ಮಾಡ್ದೆ ಬುಡು" ಎಂದಳು. ಏನು ಹೇಳುತ್ತಿದ್ದಾಳೆಂದು ಪ್ರಮೀಳಾಗೆ ಅರ್ಥವಾಗಲಿಲ್ಲ. ಸೊಪ್ಪಿನ ಮಾತಿರಬೇಕು, ಮುದ್ರೆಯ ಮಾತಿರಬೇಕು ಎಂದುಕೊಂಡಳು. ತಿಂಗಳುಗಟ್ಟಲೆ ತನ್ನನ್ನು ಬೀದಿಗೆಳೆದವಳು ಕೈ ಹಿಡಿದು ತಪ್ಪಾಯ್ತು ಎಂದದ್ದೇ ಸಾಕಾಗಿತ್ತು. ಎಲೆ ಹಾಕಿಕೊಂಡು ಕೂತು, ಮುದ್ದೆ ಮುರಿದು, ಬಸ್ಸಾರಿನಲ್ಲಿ ಹೊರಳಿಸಿ ನುಂಗಿದಳು.

ಮೊದಲು ಮುದ್ದೆಯೇ ಹೀಗೆ ಎಂದುಕೊಂಡಳು. ಬೆರಳದ್ದಿ ಸಾರನ್ನು ನೆಕ್ಕಿದಳು. ಪಲ್ಯ ತಿಂದಳು. ಹುರುಳಿಯ ಸಾರು. ಕುಂಬಳಕಾಯಿ. ಒಂದರಲ್ಲೂ ಒಂದು ಹರಳು ಉಪ್ಪಿರಲಿಲ್ಲ. ಕೈ ಎಲೆಯ ಮೇಲೆ ನಿಂತಿತು. ಹೇಗಾಯಿತು ಎಂದು ಹುಡುಕುವುದೇ ಬೇಕಾಗಲಿಲ್ಲ, ಕಣ್ಣಿಗೆ ಕಟ್ಟಿದಂತಿತ್ತು. ಎಂಟು ತಿಂಗಳು ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಸಪ್ಪೆಯಾಗಿ ಬೇಯಿಸಿ, ಮೊದಲು ಅತ್ತೆಗೊಂದು ಬಟ್ಟಲು ತೆಗೆದಿಟ್ಟು, ಆಮೇಲೆ ಉಳಿದದ್ದಕ್ಕೆ ಉಪ್ಪು ಹಾಕಿ ನಾಲಿಗೆಗೆ ಹಚ್ಚಿ ನೋಡುತ್ತಿದ್ದಳು. ಇವತ್ತು ಅತ್ತೆಯ ಎಡೆಯ ಬಟ್ಟಲು ಕಂಡದ್ದೇ ಕೈ ತನ್ನ ಹಳೆಯ ದಾರಿ ಹಿಡಿದಿತ್ತು. ಆಮೇಲೆ ಹಾಕೋಣ ಎಂದುಕೊಂಡ ಆ ಆಮೇಲೆ ಬರಲೇ ಇಲ್ಲ, ದಿಲೀಪ ಬಂದ. ಮೀಸಲು ಎಂದು ಯಾರೂ ಬಾಯಿಗೆ ಹಾಕಿ ನೋಡಲಿಲ್ಲ. ಅರ್ಪಿತ ಕಲಸಿದ ವಡೆಯೊಂದಕ್ಕೇ ಉಪ್ಪಿತ್ತು. ಸತ್ತು ತಿಂಗಳ ಮೇಲೆ ಮನೆಗೆ ಬಂದವಳಿಗೆ, ಬಾಗಿಲು ಹಾಕಿ, ಸಾಂಬ್ರಾಣಿ ಹಾಕಿ, ಮತ್ತೆ ಸಪ್ಪೆಯನ್ನೇ ಇಕ್ಕಿದ್ದಳು.

"ಉಪ್ಪೇ ಹಾಕಿಲ್ಲ ನಾನು" ಎಂದಳು. ಯಾರೂ ಆಶ್ಚರ್ಯಪಡಲಿಲ್ಲ. "ಯಾರೂ ಹೇಳ್ಲಿಲ್ವಲ್ಲ ಒಬ್ರೂ?"

"ನಾನೇ ಸುಮ್ಕಿರಿ ಅಂತ ಸನ್ನೆ ಮಾಡ್ದೆ" ಎಂದ ಸಂತೋಷ್. "ಅವ್ವಂಗೆ ಇಕ್ತಿದ್ದಂಗೇ ಇಕ್ಕವ್ಳೆ, ನಾವೂ ಉಣ್ಣಾನ ಅಂತ."

"ಅಲ್ಲ ಕಣ್ರೀ, ಮರ್ತುಬುಟ್ಟೆ! ಹಾಕ್ಬೇಕು ಅಂತ್ಲೇ ಇದ್ದೆ, ಮರ್ತುಬುಟ್ಟೆ!"

"ಇರ್ಲಿ ಬುಡತ್ತಿಗೆ" ಎಂದ ದಿಲೀಪ, ಅವಳು ಯಾವತ್ತೂ ಕೇಳದಷ್ಟು ಮೆದುವಾದ ದನಿಯಲ್ಲಿ. "ಬಾಡು ಯಾಕ್ ಬ್ಯಾಡ ಅಂದೆ ಅಂತ ಈಗ ಗೊತ್ತಾಯ್ತು. ನಾನೇ ಎಗರಾಡ್ದೆ." ಕುಳ್ಳಮ್ಮ ಬಾಗಿಲ ಹತ್ತಿರ ತಲೆದೂಗಿದಳು. ಮರೆತೆ ಎಂದು ಪ್ರಮೀಳಾ ಮೂರನೆಯ ಸಲ ಹೇಳಿದಾಗ ಎಲ್ಲರೂ ಅವಳನ್ನು ಇನ್ನಷ್ಟು ಕರುಣೆಯಿಂದ ನೋಡಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಮನೆಯವರು ಅವಳನ್ನು ದೊಡ್ಡವಳೆಂದು ನೋಡುತ್ತಿದ್ದರು, ಅದೂ ಅವಳು ಮಾಡದೆ ಬಿಟ್ಟದ್ದಕ್ಕೆ. ಎಲೆ ಎತ್ತಿ ಹಿತ್ತಲಿಗೆ ಎಸೆದುಬಿಡಬೇಕೆನಿಸಿತು. ಅಷ್ಟು ಜನರ ಕಣ್ಣ ಮುಂದೆ ಎಸೆಯಲೂ ಆಗಲಿಲ್ಲ.

ಉಂಡುಬಿಡುತ್ತೇನೆ, ಇದೇ ಸರಿ, ಇವರೆಲ್ಲ ಉಂಡಿದ್ದಾರೆ, ನಾನು ಉಣ್ಣದಿದ್ದರೆ ಹೇಗೆ ಎಂದು ಇನ್ನೊಂದು ತುತ್ತು ಇಟ್ಟಳು. ಸೊಪ್ಪು ಬಾಯಲ್ಲಿ ಒದ್ದೆ ಬಟ್ಟೆಯ ಹಾಗೆ ತಿರುಗಿತು. ಖಾರವಿತ್ತು, ಹುಳಿಯಿತ್ತು, ಒಂದಕ್ಕೊಂದು ಸೇರದೆ ಬೇರೆಬೇರೆಯಾಗಿ ನಾಲಿಗೆಗೆ ತಾಗುತ್ತಿದ್ದವು, ಗಂಟಲು ಇಳಿಯಲೊಲ್ಲದು. ಆಗ ಅವಳಿಗೆ ಹೊಳೆದದ್ದು, ಎಂಟು ತಿಂಗಳಲ್ಲಿ ಒಂದು ದಿನವೂ ತಾನು ಅತ್ತೆಯ ಬಟ್ಟಲಿನದನ್ನು ಬಾಯಿಗೆ ಹಾಕಿ ನೋಡಿರಲಿಲ್ಲ. ನೋಡುವುದಕ್ಕೆ ಅದರಲ್ಲಿ ಏನಿದೆ ಎಂದುಕೊಂಡಿದ್ದಳು. ದಿನಕ್ಕೆ ಎರಡು ಹೊತ್ತು, ಎಂಟು ತಿಂಗಳು, ಎದುರಿಗೆ ಕೂತು, ಉಣ್ಣಿ ಅತ್ತೆ, ಆರಿಹೋಗುತ್ತೆ ಎಂದು ಅವಸರಪಡಿಸಿದ್ದಳು. ಮೂರನೆಯ ತುತ್ತು ನುಂಗಿದಳು. ನಾಲ್ಕನೆಯದು ಕೈಯಲ್ಲೇ ಉಳಿಯಿತು. ಇನ್ನೂ ಅರ್ಧ ಮುದ್ದೆಯಿತ್ತು, ಅನ್ನವೆಲ್ಲ ಹಾಗೇ ಇತ್ತು. ನಾಲ್ಕು ಜನ ನೋಡುತ್ತ ನಿಂತಿದ್ದರು.

"ಅರ್ಪಿತ" ಎಂದಳು ತಲೆಯೆತ್ತದೆ, "ನನ್ ಕೈಲಿ ಆಗಾಕಿಲ್ಲ. ಉಪ್ಪು ತತ್ತಾ."

ಅರ್ಪಿತ ಅಪ್ಪನ ಮುಖ ನೋಡಿದಳು, ಆಮೇಲೆ ಒಳಗೆ ಹೋಗಿ ತಂದಳು. ಪ್ರಮೀಳಾ ಎರಡು ಚಿಟಿಕೆ ಸಾರಿಗೆ ಹಾಕಿ, ಬೆರಳಿನಿಂದ ಕದಡಿ, ಮುದ್ದೆ ಅದ್ದಿ ನುಂಗಿದಳು. ಕುಳ್ಳಮ್ಮ ಹೊರಗೆ ಹೋಗಿ ಜಗಲಿಯ ಮೇಲೆ ಕೂತಳು. ಪ್ರಮೀಳಾಗೆ ಹೊಟ್ಟೆ ಹಸಿದಿತ್ತು, ಬೆಳಗಿನಿಂದ ಏನೂ ತಿಂದಿರಲಿಲ್ಲ, ಕೈ ನಿಲ್ಲಲಿಲ್ಲ. ಸಾರು ಬಹಳ ಚೆನ್ನಾಗಿ ಆಗಿತ್ತು.